ಹದಿನೈದರ ಕೈಯಾಗಿನ ಲೆಕ್ಕದ ಪುಸ್ತಕ

1/10
ಮೊದಲನೇ ಫೋಟೋದಾಗ ಇರೋದು ಒಂದು ಲೆಕ್ಕದ ಪುಸ್ತಕ. ಕೆಂಪು ರಟ್ಟು, ಮೂಲೆ ಹರಿದದ, ಒಂದು ಕಡೆ ಚಹಾದ ಕಲೆ. ನನಗೆ ಹದಿನೈದು ವರ್ಷ ಇದ್ದಾಗ ನಮ್ಮ ಸಭೆಯ ಯೂತ್ ಲೀಡರ್ ಅಣ್ಣ ಇದನ್ನ ನನ್ನ ಕೈಗೆ ಕೊಟ್ಟು, "ಇವತ್ತಿನಿಂದ ಖಜಾಂಚಿ ನೀನೇ ನೋಡವ್ವ" ಅಂದಿದ್ದ. ಸಂಘದ ಪೆಟ್ಟಿಗೆಯಲ್ಲಿ ಆಗ ಇದ್ದದ್ದು 312 ರೂಪಾಯಿ. ಆ ರಾತ್ರಿ ಮೂರು ಸಲ ಎಣಿಸಿದೆ. ಒಂದು ಸಲ 311 ಬಂತು, ಅಳುನೇ ಬಂದಿತ್ತು.

ಈಗ ನನಗೆ ಇಪ್ಪತ್ತು. ಬಿಕಾಂ ಓದ್ಲಿಕ್ಕತ್ತೀನಿ. ಡೆಬಿಟ್ಟು, ಕ್ರೆಡಿಟ್ಟು ಕ್ಲಾಸಿನಲ್ಲಿ ಕಲಿತದ್ದಕ್ಕಿಂತ ಮೊದಲೇ ಈ ಪುಸ್ತಕದಾಗ ಕಲಿತಿದ್ದೆ. ಹೋದ ತಿಂಗಳು ಕ್ಲಾಸಿನ ಗೆಳತಿ ಒಬ್ಬಾಕಿ ಕೇಳಿದ್ಲು: "ಭಾನುವಾರ ಬಂತಂದ್ರ ಚರ್ಚಿನ ಯೂತ್ ಮೀಟಿಂಗ್ ಅಂತ ಓಡ್ತಿಯಲ್ಲ, ಅಲ್ಲಿ ಏನ್ ಮಾಡ್ತೀರಿ? ಗಿಟಾರ್ ಬಾರಿಸಿ ಹಾಡೋದಷ್ಟೇನಾ?"

ಥಟ್ಟನೆ ಉತ್ತರ ಬರಲಿಲ್ಲ. ಹಾಡ್ತೀವಿ, ಹೌದು. ಆದ್ರೆ ಅಷ್ಟೇ ಅಲ್ಲ. ಹದಿಹರೆಯದ ಮಕ್ಕಳನ್ನ ಒಂದು ಕಡೆ ಕೂಡಿಸಿ ಬೆಳೆಸಬೇಕು ಅನ್ನೋ ವಿಚಾರ ಚರ್ಚಿಗೆ ಯಾವಾಗ ಬಂತು, ಯಾರು ತಂದ್ರು, ನಮ್ಮ ಕಡೆಗೆ ಹೆಂಗ ಮುಟ್ಟಿತು ಅಂತ ಹುಡುಕ್ಕೋತ ಹೋದೆ. ಸಿಕ್ಕಿದ್ದನ್ನ ಹತ್ತು ಭಾಗ ಮಾಡಿ ಇಲ್ಲಿ ಹಾಕ್ತೀನಿ.

ಇನ್ನೊಂದು ಕಾರಣನೂ ಅದ. ಈಗ ಇದೇ ಪುಸ್ತಕದ ಬಾಕಿ 11,460 ರೂಪಾಯಿ. ಅದನ್ನ ಯಾವುದಕ್ಕೆ ಖರ್ಚು ಮಾಡಬೇಕು ಅಂತ ನಮ್ಮ ಸಭೆಯಲ್ಲಿ ಒಂದು ವಾದ ಎದ್ದಿತ್ತು. ಆ ಕತೆ ಕೊನೆಯ ಭಾಗದಾಗ. ಮೊದಲು ಇತಿಹಾಸ. ಶುರು ಎಲ್ಲಿಂದ ಅಂದ್ರೆ, ನಮ್ಮ ಮನೆಯ ಹಿಂದಿನ ಗುಡ್ಡದಿಂದಲೇ.

2/10
ಫೋಟೋ: ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್. ರಂಗಂಪೇಟೆಯವರಿಗೆ ಇದು ಸಂಜೆ ಗಾಳಿಗೆ ಹೋಗೋ ಜಾಗ. ಸೆಲ್ಫಿ ನೀವೂ ತಕ್ಕೊಂಡಿರ್ತೀರಿ.

ಇಲ್ಲಿ ಚರ್ಚಿನ ಮಾತೇ ಇಲ್ಲ. ಆದರೆ ಒಬ್ಬ ದೊಡ್ಡವರು ಒಬ್ಬ ಹುಡುಗನನ್ನು ಬೆಳೆಸಲು ಹೊರಟ ಕತೆಯಲ್ಲಿ ನಮ್ಮೂರಿನದೇ ಅತ್ಯಂತ ದೊಡ್ಡದು. 1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ ಸುರಪುರಕ್ಕೆ ಬಂದರು. ಸ್ವಲ್ಪ ಸಮಯದಲ್ಲೇ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡರು. ಮಗ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ತಾಯಿ ರಾಣಿ ಈಶ್ವರಮ್ಮ. ದರ್ಬಾರಿನ ಕಿತ್ತಾಟದ ನಡುವೆ ಸಂಸ್ಥಾನದ ಆಡಳಿತ, ಲೆಕ್ಕಪತ್ರ ಎಲ್ಲಾ ಟೇಲರ್ ಕೈಗೆ ಬಂತು. ಬೋನಾಳ ಕೆರೆಯ ಕೆಲಸ ಮಾಡಿಸಿದರು, ಹುಡುಗನ ಓದಿನ ವ್ಯವಸ್ಥೆ ನೋಡಿದರು. ಹುಡುಗ ಅವರನ್ನು "ಅಪ್ಪ" ಅಂತ ಕರೀತಿದ್ದನಂತೆ. ಟೇಲರ್ ತಮ್ಮ ಆತ್ಮಕತೆಯಲ್ಲೇ ಇದನ್ನು ಹೇಳಿಕೊಂಡಿದ್ದಾರೆ.

1853ರಲ್ಲಿ ಪ್ರಾಯಕ್ಕೆ ಬಂದ ರಾಜನ ಕೈಗೆ ಸಂಸ್ಥಾನ ಬಂತು. ಟೇಲರ್ ನಳದುರ್ಗದ ಕಡೆ ಹೋದರು. ಮುಂದಿನದು ನಮಗೆಲ್ಲಾ ಗೊತ್ತಿರೋದೇ. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಸೆರೆಸಿಕ್ಕ ರಾಜನನ್ನು ಟೇಲರ್ ಜೈಲಿನಲ್ಲಿ ಕಂಡರು. ಮರಣದಂಡನೆ ಕಡಿಮೆಯಾಗಿ ಸೆರೆವಾಸವಾಯಿತು. ಆದರೆ ಅದೇ ಮೇ ತಿಂಗಳಲ್ಲಿ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಅವರ ಪ್ರಾಣ ಹೋಯಿತು.

ನಾಲ್ವಡಿ ವೆಂಕಟಪ್ಪ ನಾಯಕರು ನಮ್ಮೂರಿನ ಹೆಮ್ಮೆ. ಅವರು ಬ್ರಿಟಿಷರ ವಿರುದ್ಧ ನಿಂತದ್ದನ್ನ ಬೆಳೆಸಿದ ರೀತಿಗೆ ಗಂಟು ಹಾಕ್ಲಿಕ್ಕತ್ತಿಲ್ಲ ನಾನು. ನನ್ನನ್ನ ಕಾಡೋದು ಬೇರೆ. ಹನ್ನೆರಡು ವರ್ಷ ಪ್ರೀತಿ ಇತ್ತು, ಪಾಠ ಇತ್ತು, ಆದರೆ ಲೆಕ್ಕದ ಪುಸ್ತಕ ದೊಡ್ಡವರ ಕೈಯಾಗೇ ಇತ್ತು. ಅದು ಹುಡುಗನ ಕೈಗೆ ಬಂದಾಗ ಜೊತೆಗೆ ನಿಲ್ಲಬೇಕಾದವರು ಬೇರೆ ಊರಿಗೆ ಹೋಗಿದ್ದರು. ಒಬ್ಬ ಹುಡುಗನನ್ನ ಬೆಳೆಸೋದಂದ್ರೆ ಏನು ಅನ್ನೋ ಪ್ರಶ್ನೆ ಇಟ್ಕೊಂಡು ಈಗ ಚರ್ಚಿನ ಇತಿಹಾಸಕ್ಕೆ ಹೋಗೋಣ.

3/10
ಫೋಟೋ: ನಮ್ಮ ಸಂಡೇ ಸ್ಕೂಲಿನ ಹಳೇ ಚಾಪೆ, ಅದರ ಮೇಲೆ ಬಳಪ, ಪಾಟಿ.

ಸಂಡೇ ಸ್ಕೂಲ್ ಅಂದ್ರೆ ಮೊದಲಿನಿಂದ ಬರೀ ಬೈಬಲ್ ಕತೆ ಅನ್ಕೊಂಡಿದ್ದೆ. ಅಲ್ಲ. ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಿನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯವರು 1780ರಲ್ಲಿ ಇದನ್ನು ಶುರು ಮಾಡಿದರು. ಅಲ್ಲಿನ ಬಡ ಮಕ್ಕಳು ವಾರದ ಆರು ದಿನ ಗುಂಡುಪಿನ್ನು ತಯಾರಿಸುವಂಥ ಕೆಲಸಗಳಲ್ಲಿ ಇರುತ್ತಿದ್ದರು. ರಜೆ ಭಾನುವಾರ ಮಾತ್ರ. ಅದಕ್ಕೇ ಶಾಲೆ ಭಾನುವಾರ. ಓದು ಬರಹ ಕಲಿಸುವುದೇ ಮೊದಲ ಕೆಲಸ. ಬೈಬಲ್ಲೇ ಪಠ್ಯಪುಸ್ತಕ.

ಮಕ್ಕಳಾಯಿತು. ಮಗು ಅಲ್ಲದ, ಪೂರ್ತಿ ದೊಡ್ಡವರೂ ಆಗದ ವಯಸ್ಸಿನವರು? 1844ರಲ್ಲಿ ಲಂಡನ್ನಿನ ಒಂದು ಬಟ್ಟೆ ಅಂಗಡಿಯಲ್ಲಿ ಜಾರ್ಜ್ ವಿಲಿಯಮ್ಸ್ ಎಂಬ ಯುವಕ ಕೆಲಸಕ್ಕಿದ್ದ. ವಯಸ್ಸು 22. ಹಳ್ಳಿಯಿಂದ ಬಂದವನು. ಆ ಕಾಲದ ಅಂಗಡಿ ಹುಡುಗರ ದುಡಿಮೆ ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ. ಮಲಗುವುದು ಅಂಗಡಿಯ ಮೇಲಿನ ಕೋಣೆಗಳಲ್ಲೇ, ಹತ್ತಾರು ಜನ ಒಟ್ಟಿಗೆ. ಹೊರಗೆ ಹೋದರೆ ದೊಡ್ಡ ಶಹರದ ಕುಡಿತ, ಜೂಜು. ವಿಲಿಯಮ್ಸ್ ತನ್ನಂಥ ಹನ್ನೊಂದು ಜನರನ್ನು ಕೂಡಿಸಿಕೊಂಡು ಜೂನ್ 6ರಂದು ಪ್ರಾರ್ಥನೆ ಮತ್ತು ಓದಿನ ಒಂದು ಸಂಘ ಕಟ್ಟಿದ. ಅದೇ ವೈಎಂಸಿಎ.

ಇದನ್ನ ಓದಿದಾಗ ನನಗೆ ಕಂಡದ್ದು ಲಂಡನ್ ಅಲ್ಲ. ದಸರಾ ಮುಗಿದ ಮೇಲೆ ಬೆಂಗಳೂರಿನ ಬಸ್ಸು ಹತ್ತೋ ನಮ್ಮ ಕಡೆಯ ಹುಡುಗರು. ಗುಳೆ ಹೋಗಿ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಾಗ ಹತ್ತು ಜನ ಮಲಗೋ ಹುಡುಗರು. 180 ವರ್ಷದ ಹಿಂದೆ ಅಂಥದೇ ಕೋಣೆಯಾಗ ಒಬ್ಬ ಸೇಲ್ಸ್‌ಮನ್ ಹುಡುಗನಿಗೆ ಈ ವಿಚಾರ ಹೊಳೀತು. ಪಾದ್ರಿಗಲ್ಲ, ಅಂಗಡಿ ಹುಡುಗನಿಗೆ. ಕಾಮರ್ಸಿನವರೇ, ಕಾಲರ್ ಸರಿ ಮಾಡ್ಕೊಳ್ರಿ.

4/10
ಫೋಟೋ: ಸಂಜೆ ಆರು ಗಂಟೆ, ವಾಲಿಬಾಲ್ ನೆಟ್ಟು, ಧೂಳು.

ಇದನ್ನ ಹೇಳಿದಾಗ ನನ್ನ ತಮ್ಮ ನಂಬಲೇ ಇಲ್ಲ. ನಾವು ದಿನಾ ಆಡೋ ವಾಲಿಬಾಲ್ ಹುಟ್ಟಿದ್ದು ಇದೇ ವೈಎಂಸಿಎದಲ್ಲಿ. 1895, ಅಮೆರಿಕಾದ ಹೋಲಿಯೋಕ್ ಎಂಬ ಊರು. ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕರು ಒಳಾಂಗಣದಲ್ಲಿ ಆಡಲು, ಮೈ ಕೈ ಮುರಿದುಕೊಳ್ಳದಂಥ ಒಂದು ಆಟ ಹುಡುಕುತ್ತಿದ್ದರು. ನೆಟ್ಟು ಕಟ್ಟಿ ಚೆಂಡನ್ನು ಈ ಕಡೆಯಿಂದ ಆ ಕಡೆ ಹೊಡೆಯುವ ಆಟ ಮಾಡಿದರು. ಅದಕ್ಕೂ ನಾಲ್ಕು ವರ್ಷ ಮೊದಲು, 1891ರಲ್ಲಿ, ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಅವರು ಚಳಿಗಾಲದಲ್ಲಿ ಬೇಸರಗೊಂಡಿದ್ದ ವಿದ್ಯಾರ್ಥಿಗಳಿಗೆ ಪೀಚ್ ಹಣ್ಣಿನ ಬುಟ್ಟಿ ಗ್ಯಾಲರಿಗೆ ಹೊಡೆದು ಬ್ಯಾಸ್ಕೆಟ್‌ಬಾಲ್ ಆಡಿಸಿದ್ದರು.

ಹಂಗಂದ್ರೆ ವಿಷಯ ಏನು? ಹುಡುಗರನ್ನು ಕೂಡಿಸಿ ಬರೀ ಉಪದೇಶ ಮಾಡಿದರೆ ಕೂಡುವುದಿಲ್ಲ ಎಂಬುದು ಅವರಿಗೆ ಬೇಗ ತಿಳಿಯಿತು. ಮೈ, ಮನಸ್ಸು, ಆತ್ಮ ಮೂರೂ ಬೆಳೆಯಬೇಕು ಎಂದು ಅವರು ತಮ್ಮ ಸಂಘಕ್ಕೆ ತ್ರಿಕೋನದ ಗುರುತು ಇಟ್ಟುಕೊಂಡರು.

ಭಾರತಕ್ಕೂ ಇದು ಬಂತು. 1916ರಲ್ಲಿ ಕೆ. ಟಿ. ಪಾಲ್ ಅವರು ವೈಎಂಸಿಎದ ಮೊದಲ ಭಾರತೀಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದರು. ಸೇಲಂನವರು. ಶಹರದ ಹುಡುಗರ ಸಂಘವನ್ನು ಹಳ್ಳಿಗೆ ತಂದು, ಸಾಲದಲ್ಲಿ ಮುಳುಗಿದ್ದ ರೈತರ ನಡುವೆ ಸಹಕಾರಿ ಸಂಘಗಳ ಕೆಲಸ ಮಾಡಿದರು. 1920ರಲ್ಲಿ ಹ್ಯಾರಿ ಬಕ್ ಎಂಬುವರು ಮದ್ರಾಸಿನಲ್ಲಿ ವೈಎಂಸಿಎ ವ್ಯಾಯಾಮ ಶಿಕ್ಷಣ ಶಾಲೆ ತೆರೆದರು. ನಮ್ಮ ದೇಶದಲ್ಲಿ ಪಿ.ಟಿ. ಮಾಸ್ತರರನ್ನು ತಯಾರು ಮಾಡಿದ ಮೊದಲ ಶಾಲೆಗಳಲ್ಲಿ ಅದೂ ಒಂದು.

ನಮ್ಮ ನೆಟ್ಟಿನ ಸುತ್ತ ಎಲ್ಲಾ ಓಣಿಯ ಹುಡುಗರು ಬರ್ತಾರ. ಯಾರೂ ಯಾರ ಜಾತಿ, ಧರ್ಮ ಕೇಳೋದಿಲ್ಲ, ಸರ್ವಿಸ್ ಯಾರದು ಅಂತ ಮಾತ್ರ ಕೇಳ್ತಾರ.

5/10
ಇಷ್ಟೊತ್ತು ಹೊರದೇಶ, ಮದ್ರಾಸು ಆಯಿತು. ಕನ್ನಡ ನಾಡಿನ ಮಾತು? ಫೋಟೋ: ಮಂಗಳೂರಿಗೆ ಕಾಲೇಜ್ ಟೂರ್ ಹೋದಾಗ ಬಲ್ಮಠದ ಹತ್ತಿರ ತೆಗೆದದ್ದು.

1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. 1836ರಲ್ಲಿ ಬಂದವರು ಹೆರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದವರು. ಪತ್ರಿಕಾ ದಿನ ಅಂತ ನಾವು ಆಚರಿಸೋದು ಆ ದಿನಾನೇ. ಆದರೆ ಪತ್ರಿಕೆ ಅವರ ಬದುಕಿನ ಒಂದು ಭಾಗ. ಇನ್ನೊಂದು ಭಾಗ ಹುಡುಗರ ಶಾಲೆ, ಹುಡುಗರ ವಸತಿ.

ಅವರ ಶಾಲೆಯಲ್ಲಿ ಓದುತ್ತಿದ್ದ ಒಬ್ಬ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ. 1844ರ ಜನವರಿ 6ರಂದು, ಹದಿನೆಂಟರ ಆಸುಪಾಸಿನ ವಯಸ್ಸಿನಲ್ಲಿ, ಇಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ಪಡೆದರು. ಊರಲ್ಲಿ ದೊಡ್ಡ ಗದ್ದಲವಾಯಿತು. ಮನೆ ದೂರವಾಯಿತು. ಮದುವೆಯಾಗಿದ್ದ ಹೆಂಡತಿ ಜೊತೆಗೆ ಬರಲಿಲ್ಲ. 1846ರಲ್ಲಿ ಮೋಗ್ಲಿಂಗ್ ಅವರ ಜೊತೆ ಯೂರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಹಿಂತಿರುಗಿದರು. ಮುಂದೆ ಕೊಡಗಿನ ಆನಂದಪುರದಲ್ಲಿ ಕೆಲಸ ಮಾಡಿದರು.

ಚರ್ಚಿನ ಕಡೆಯಿಂದ ಬರೆದರೆ ಇದು ಗೆಲುವಿನ ಕತೆ. ಆ ತಾಯಿ ತಂದೆಯ ಕಡೆಯಿಂದ, ಆ ಹೆಂಡತಿಯ ಕಡೆಯಿಂದ ನೋಡಿದರೆ ಹಂಗಿಲ್ಲ. ಎರಡೂ ನಿಜ. ಹದಿನೆಂಟರ ಹುಡುಗನ ನಂಬಿಕೆ ಅವನದೇ ಇರಬಹುದು, ಆದರೆ ಅದರ ಬೆಲೆ ಇಡೀ ಮನೆ ಕೊಡ್ತದ. ಇದನ್ನ ಮರೆತು ಯೂತ್ ಕೆಲಸದ ಇತಿಹಾಸ ಬರೀಬಾರದು ಅನ್ನಿಸ್ತು. ನಮ್ಮ ಸಂಘದಲ್ಲಿ ಒಂದು ನಿಯಮ ಇದೆ: ಯಾರ ಮನೆಯ ಮಕ್ಕಳೇ ಬರಲಿ, ಆಟಕ್ಕಾಗಲಿ ಓದಿಗಾಗಲಿ, ಅವರ ಅಪ್ಪ ಅವ್ವಗೆ ಗೊತ್ತಿರಬೇಕು. ಇತಿಹಾಸ ಓದಿದ ಮೇಲೆ ಆ ನಿಯಮದ ತೂಕ ಗೊತ್ತಾಯಿತು.

ಮೋಗ್ಲಿಂಗ್ ಅವರದು ಇನ್ನೊಂದು ಮಾತು. ಕಲಿಸಲು ಬಂದವರು ಕಲಿಯಲೂ ಕೂತರು. ಕನ್ನಡ ಕಲಿತರು, ಹರಿದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಅಚ್ಚು ಹಾಕಿಸಿದರು. ತಮ್ಮ ಧರ್ಮದ ಹಾಡಲ್ಲ ಅವು. ಆದರೂ ಕಿವಿಗೊಟ್ಟರು.

6/10
ಫೋಟೋ: ನಮ್ಮ ಸಂಘದ ಬ್ಯಾನರ್. ಕೆಳಗೆ ಸಣ್ಣಕ್ಷರದಾಗ ಎಂ.ವೈ.ಎಫ್. ಅಂತ ಇದೆ, ಮೆಥಡಿಸ್ಟ್ ಯೂತ್ ಫೆಲೋಶಿಪ್. ಈ ಹೆಸರಿನ ಹಿಂದೆ ಹೋದರೆ ಒಂದು ಬೆಂಕಿ ಸಿಗ್ತದ.

ಇಂಗ್ಲೆಂಡಿನ ಎಪ್‌ವರ್ತ್ ಎಂಬ ಸಣ್ಣ ಊರು, 1709ರ ಫೆಬ್ರವರಿ. ರಾತ್ರಿ ಪಾದ್ರಿಯ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಬಂದರು, ಐದು ವರ್ಷದ ಒಬ್ಬ ಹುಡುಗ ಮಾತ್ರ ಮೇಲಿನ ಕೋಣೆಯಲ್ಲಿ ಉಳಿದ. ಏಣಿ ತರುವಷ್ಟು ಹೊತ್ತು ಇರಲಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ಕಿಟಕಿಯಿಂದ ಹುಡುಗನನ್ನು ಎಳೆದುಕೊಂಡರು. ಹಿಂದೆಯೇ ಮಾಡು ಕುಸಿಯಿತು. ಆ ಹುಡುಗ ಜಾನ್ ವೆಸ್ಲಿ.

ಮುಂದೆ ಆಕ್ಸ್‌ಫರ್ಡಿನಲ್ಲಿ ಓದುವಾಗ ಅವರ ತಮ್ಮ ಚಾರ್ಲ್ಸ್ 1729ರಲ್ಲಿ ಗೆಳೆಯರ ಒಂದು ಗುಂಪು ಕಟ್ಟಿದ. ಜಾನ್ ಅದರ ಮುಂದಾಳಾದರು. ಒಟ್ಟಿಗೆ ಓದುವುದು, ಪ್ರಾರ್ಥನೆ, ಜೈಲಿನಲ್ಲಿದ್ದವರನ್ನು ಕಾಣಲು ಹೋಗುವುದು, ದಿನದ ಪ್ರತಿ ಗಂಟೆಯ ಲೆಕ್ಕ ಬರೆದಿಡುವುದು. ಉಳಿದ ವಿದ್ಯಾರ್ಥಿಗಳು ನಕ್ಕು, ಇವರು ಎಲ್ಲಕ್ಕೂ 'ಮೆಥಡ್' ಇಟ್ಟವರು ಎಂದು 'ಮೆಥಡಿಸ್ಟ್' ಅಂತ ಅಡ್ಡಹೆಸರು ಇಟ್ಟರು. ಹಾಸ್ಟೆಲಿನಲ್ಲಿ ನಾವು ಇಡೋ ಅಡ್ಡಹೆಸರಿನ ಹಂಗೇ. ಆ ಅಡ್ಡಹೆಸರೇ ಇವತ್ತು ಲೋಕದ ದೊಡ್ಡ ಸಭೆಗಳಲ್ಲಿ ಒಂದರ ಹೆಸರು. ಅಂದ್ರೆ ಈ ಸಭೆ ಶುರುವಾದದ್ದೇ ಒಂದು ಕಾಲೇಜ್ ಹುಡುಗರ ಗುಂಪಿನಿಂದ.

ಇನ್ನೊಂದು ವಿಷಯ ನನಗೆ ಧೈರ್ಯ ಕೊಡ್ತದ. ವೆಸ್ಲಿ ಪಾದ್ರಿಯಾಗಿ ಅಮೆರಿಕಾದ ಜಾರ್ಜಿಯಾಕ್ಕೆ ಹೋಗಿ ಸೋತು ಹಿಂತಿರುಗಿದವರು. ತನ್ನಲ್ಲೇ ನಂಬಿಕೆ ಇದೆಯಾ ಇಲ್ಲವಾ ಎಂಬ ಅನುಮಾನದಲ್ಲಿ ಒದ್ದಾಡಿದರು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಅವರ ಮನಸ್ಸಿಗೆ ನೆಮ್ಮದಿ ಸಿಕ್ಕಿತು. ಆಗ ಅವರಿಗೆ 34. ಹದಿನೈದರ ಹುಡುಗ "ದೇವರು ಅದಾನೋ ಇಲ್ಲೋ" ಅಂತ ಕೇಳಿದರೆ ಸಿಟ್ಟಿಗೇಳುವವರು ಇದನ್ನ ನೆನಪಿಡಬೇಕು.

7/10
ಫೋಟೋ: ನಮ್ಮ ಸಂಘದ ಪದಾಧಿಕಾರಿಗಳ ಪಟ್ಟಿ, ಗೋಡೆಗೆ ಅಂಟಿಸಿದ್ದು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ಎಲ್ಲರ ವಯಸ್ಸೂ 15ರಿಂದ 22.

ಈ ಪಟ್ಟಿ ಎಲ್ಲಿಂದ ಬಂತು? 1881ರ ಫೆಬ್ರವರಿ 2ರಂದು ಅಮೆರಿಕಾದ ಪೋರ್ಟ್‌ಲ್ಯಾಂಡಿನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾಸ್ಟರ್ ತಮ್ಮ ಸಭೆಯ ಹುಡುಗ ಹುಡುಗಿಯರನ್ನು ಮನೆಗೆ ಕರೆದು 'ಕ್ರಿಶ್ಚಿಯನ್ ಎಂಡೆವರ್' ಎಂಬ ಸಂಘ ಶುರು ಮಾಡಿದರು. ಅದರಲ್ಲಿ ಪಾಸ್ಟರ್ ಭಾಷಣ ಮಾಡುವುದಲ್ಲ, ಹುಡುಗರೇ ಕೂಟ ನಡೆಸುವುದು. ಪ್ರತಿಯೊಬ್ಬರಿಗೂ ಒಂದು ಸಮಿತಿಯಲ್ಲಿ ಕೆಲಸ. ಕೆಲವೇ ವರ್ಷಗಳಲ್ಲಿ ಇದು ದೇಶ ದೇಶಕ್ಕೆ ಹಬ್ಬಿತು.

ಮೆಥಡಿಸ್ಟರಲ್ಲಿ ಇಂಥ ಐದು ಬೇರೆ ಬೇರೆ ಸಂಘಗಳಿದ್ದವು. 1889ರ ಮೇ ತಿಂಗಳಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಎಲ್ಲಾ ಕೂಡಿ ಒಂದೇ ಸಂಘವಾದವು. ಹೆಸರು 'ಎಪ್‌ವರ್ತ್ ಲೀಗ್'. ಹೌದು, ಆ ಬೆಂಕಿ ಬಿದ್ದ ಊರಿನ ಹೆಸರೇ. ಪ್ರಾರ್ಥನೆಗೆ ಒಂದು ವಿಭಾಗ, ಓದಿಗೆ ಒಂದು, ಬಡವರ ಸಹಾಯಕ್ಕೆ ಒಂದು, ಹಣಕಾಸಿಗೂ ಒಂದು. ಭಾರತದ ಮೆಥಡಿಸ್ಟ್ ಸಭೆಗಳಿಗೂ ಲೀಗ್ ಬಂತು. 1939ರಲ್ಲಿ ಅಮೆರಿಕಾದ ಮೆಥಡಿಸ್ಟ್ ಸಭೆಗಳು ಒಂದಾದ ನಂತರ ಅದರ ಜಾಗಕ್ಕೆ ಬಂದದ್ದು ಎಂ.ವೈ.ಎಫ್.

ಹುಡುಗಿಯರೇ, ಇದನ್ನ ಓದ್ರಿ. 1844ರ ಸಂಘದ ಹೆಸರಿನಲ್ಲೇ 'ಯುವಕರು' ಅಂತ ಇತ್ತು. ಆದರೆ ಎಂಡೆವರ್ ಮತ್ತು ಲೀಗ್‌ನಲ್ಲಿ ಮೊದಲ ದಿನದಿಂದಲೇ ಹುಡುಗ ಹುಡುಗಿಯರಿಬ್ಬರೂ ಇದ್ದರು. ದೊಡ್ಡವರ ಸಭೆಯಲ್ಲಿ ಹೆಣ್ಣುಮಕ್ಕಳು ಎದ್ದು ನಿಂತು ಮಾತಾಡುವುದೇ ಅಪರೂಪವಾಗಿದ್ದ ಕಾಲದಲ್ಲಿ ಇಲ್ಲಿ ಹದಿನಾರರ ಹುಡುಗಿ ಕೂಟ ನಡೆಸಬಹುದಿತ್ತು, ವರದಿ ಓದಬಹುದಿತ್ತು. ನನ್ನ ಕೈಯಾಗಿನ ಕೆಂಪು ಪುಸ್ತಕದ ಅಜ್ಜಿ ಅಲ್ಲೇ ಎಲ್ಲೋ ಇದ್ದಾಳೆ.

8/10
ಫೋಟೋ: ಅಜ್ಜಿಯ ಕೈ. ಬಳೆ, ಗೆರೆ, ಕೀಲಿಕೈ.

ನಮ್ಮ ಕಡೆಗೆ ಇದು ಹೆಂಗ ಮುಟ್ಟಿತು? ಮೆಥಡಿಸ್ಟ್ ಮಿಶನ್ನಿನವರು ಬೀದರ್, ಕಲಬುರಗಿ, ಯಾದಗಿರಿ ಕಡೆ ಕೆಲಸ ಮಾಡಿದಾಗ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಶನ್ ಇತ್ತು. 1904ರಲ್ಲಿ ಅದೂ ಮೆಥಡಿಸ್ಟರ ಕೈಗೆ ಬಂತು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯ ಹೆಸರು ನೀವು ಕೇಳಿರ್ತೀರಿ. ಅಮೆರಿಕಾದ ಟೆನೆಸಿ ಕಡೆಯ ಮೆಥಡಿಸ್ಟ್ ಪ್ರಾಂತದ ಹೆಸರೂ ಅದೇ. 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಸ್ವತಂತ್ರವಾಯಿತು. ಅಲ್ಲಿಂದ ಇದು ನಮ್ಮ ಜನರೇ ನಡೆಸುವ ಸಭೆ.

ಇಲ್ಲಿನ ಹಳ್ಳಿಯ ಮಕ್ಕಳಿಗೆ ಯೂತ್ ಸಂಘಕ್ಕಿಂತ ಮೊದಲು ಸಿಕ್ಕದ್ದು ಬೋರ್ಡಿಂಗ್. ಅಪ್ಪ ಅವ್ವ ಕೂಲಿಗೆ ಹೋದರೂ ಮಕ್ಕಳು ಒಂದು ಕಡೆ ಉಂಡು, ಓದಿ, ಮಲಗುವ ಜಾಗ. ನಮ್ಮ ಅಜ್ಜಿ ಅಂಥ ಒಂದು ಬೋರ್ಡಿಂಗಿನಲ್ಲಿ ನಾಲ್ಕು ವರ್ಷ ಇದ್ದಳು. ಅವಳಿಗೆ ಪಾಠ ಏನೂ ನೆನಪಿಲ್ಲ. ನೆನಪಿರೋದು ಜೋಳದ ಕೋಣೆಯ ಕೀಲಿ.

"ಹನ್ನೆರಡು ವರ್ಸದಾಕಿ ಇದ್ದೆ. ಮೇಡಂನೋರು ಕರದು ಕೀಲಿ ಕೊಟ್ರು. ದಿನಾ ಎಷ್ಟು ಸೇರು ತಗದೆ, ಎಷ್ಟು ಉಳೀತು, ನಾನೇ ಹೇಳ್ಬೇಕು. ಮನ್ಯಾಗ ನನ್ನ ಕೈಯಾಗ ಯಾರೂ ಏನೂ ಕೊಟ್ಟಿದ್ದಿಲ್ಲ ಮಗಾ."

ಎಪ್‌ವರ್ತ್ ಲೀಗ್ ಹೆಸರು ಅಜ್ಜಿ ಕೇಳಿಲ್ಲ. ಆದರೆ ಅದರ ಗುಟ್ಟು ಅವಳಿಗೆ ಗೊತ್ತು.

ಈಗ ಬೇಸಿಗೆಯಲ್ಲಿ ನಡೆಯೋ ವಿಬಿಎಸ್ ಇದೆಯಲ್ಲ, ರಜೆಯ ಬೈಬಲ್ ಶಾಲೆ, ಅದೂ ಹಂಗೇ. 1901ರಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಬೋವಿಲ್ ಎಂಬುವರು ರಜೆಯಲ್ಲಿ ಬೀದಿಯಲ್ಲಿ ಅಲೆಯುವ ಮಕ್ಕಳಿಗೆ ಶಾಲೆ ತೆರೆದು, ಕಲಿಸಲು ಕಾಲೇಜು ವಿದ್ಯಾರ್ಥಿಗಳನ್ನು ಕರೆತಂದರು. ನಮ್ಮಲ್ಲಿ 43 ಡಿಗ್ರಿ ಬಿಸಿಲಿನಲ್ಲಿ ಒಂಬತ್ತನೇ ಕ್ಲಾಸಿನವರು ಮೂರನೇ ಕ್ಲಾಸಿನವರಿಗೆ ಹಾಡು ಕಲಿಸ್ತಾರ. ಕಲಿಯೋದು ಹೆಚ್ಚು ಯಾರು ಅಂತ ಕೇಳಿದ್ರೆ, ಒಂಬತ್ತನೇ ಕ್ಲಾಸಿನವರೇ.

9/10
ಈ ಭಾಗಕ್ಕೆ ಫೋಟೋ ಬರೀ ಒಂದು ಖಾಲಿ ಕುರ್ಚಿ. ಹುಡುಗನ ಫೋಟೋ ಹಾಕೋದಿಲ್ಲ, ಹೆಸರೂ ಹೇಳೋದಿಲ್ಲ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೆನಪಿದೆಯಾ? ಉಡುಪಿ ಶೇ. 94, ರಾಜ್ಯಕ್ಕೇ ಮೊದಲು. ನಮ್ಮ ಯಾದಗಿರಿ ಶೇ. 50.59, ಕೊನೆ. ಟಿವಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಬರೋದೇ ಇಂಥ ಹೊತ್ತಿನಲ್ಲಿ. ಅಂದ್ರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು ಫೇಲ್. ಆ ಒಬ್ಬರು ಅಂಕಿ ಅಲ್ಲ, ನಮ್ಮ ಓಣಿಯಾಗ ಇರ್ತಾರ.

ನಮ್ಮ ಸಂಘದಲ್ಲಿ ಡೋಲಕ್ ಬಾರಿಸುವ ಒಬ್ಬ ತಮ್ಮ ಇದ್ದ. ಈ ವರ್ಷ ಗಣಿತ, ವಿಜ್ಞಾನ ಎರಡರಲ್ಲೂ ಹೋದ. ಫಲಿತಾಂಶ ಬಂದ ಭಾನುವಾರದಿಂದ ಕೂಟಕ್ಕೆ ಬರೋದು ಬಿಟ್ಟ. ಮನೆಗೆ ಹೋದರೆ, ಮಾವನ ಜೊತೆ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗ್ತೀನಿ ಅಂದ. ಆಮೇಲೆ ಕೇಳಿದ: "ಅಕ್ಕಾ, ನಾನು ದಿನಾ ಪ್ರಾರ್ಥನಾ ಮಾಡ್ದೆ. ಓದ್ದೆನೂ. ದೇವ್ರು ನಮ್ಮಂಥವರ ಕಡೆ ನೋಡ್ತಾನೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿಲ್ಲ ತಮ್ಮಾ ಅಂದೆ. ಅವರ ಅವ್ವ ಚಹಾ ಕೊಟ್ಟಳು. ಸುಮ್ನೆ ಕೂತಿದ್ವಿ.

ಅದೇ ವಾರ ಸಭೆಯ ಹಿರಿಯರ ಮೀಟಿಂಗಿನಲ್ಲಿ ಮಾತು ಬಂತು: ಯೂತ್ ಸಂಘದ 11,460 ರೂಪಾಯಿಗೆ ಸಭೆಯ ಹಣ ಸೇರಿಸಿ ಹೊಸ ಸೌಂಡ್ ಸಿಸ್ಟಂ ತರೋಣ. ತಪ್ಪು ಯೋಚನೆ ಅಲ್ಲ ಅದು. ಹಳೇ ಸ್ಪೀಕರ್ ಕರ್ರ್ ಅಂತದ, ಹಬ್ಬದ ದಿನ ಹಿಂದೆ ಕೂತವರಿಗೆ ಏನೂ ಕೇಳಿಸೋದಿಲ್ಲ. ಆದರೆ ಆ ಹಣ ಐದು ವರ್ಷ ಹುಡುಗರು ಹತ್ತು, ಇಪ್ಪತ್ತು ಕೂಡಿಸಿದ್ದು. ಕ್ರಿಸ್ಮಸ್ಸಿಗೆ ಮನೆ ಮನೆಗೆ ಹಾಡಿ ತಂದದ್ದು. ಯಾರು ತೀರ್ಮಾನ ಮಾಡಬೇಕು? "ನೀವಿನ್ನೂ ಹುಡುಗರು, ನಿಮಗ ತಿಳಿಯೋದಿಲ್ಲ" ಅಂದ್ರು ಒಬ್ಬ ಕಾಕಾ.

ಗುಡ್ಡದ ಮೇಲಿನ ಮಂಜಿಲ್ ನೆನಪಾಯಿತು ನನಗೆ.

10/10
ಕೊನೆಯ ಫೋಟೋ ಮತ್ತೆ ಅದೇ ಕೆಂಪು ಪುಸ್ತಕ, ಈ ಸಲ ತೆರೆದದ್ದು. ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಗುರುತು ಕಾಣ್ತದ ನೋಡ್ರಿ.

ಹಿರಿಯರ ಮುಂದೆ ಲೆಕ್ಕ ಇಡೋಕಿಂತ ಮೊದಲು ಯಾರಾದರೂ ಇನ್ನೊಬ್ಬರು ಪರಿಶೀಲಿಸಬೇಕಿತ್ತು. ನಾನು ಪುಸ್ತಕ ತಗೊಂಡು ಆ ತಮ್ಮನ ಮನೆಗೆ ಹೋದೆ. "ಗಣಿತದಾಗ ಫೇಲಾದವನ ಕಡೆ ಯಾಕ ತಂದಿ ಅಕ್ಕಾ?" ಅಂದ. ಒಂದು ಸಲ ಕೂಡಿಸಿ ನೋಡು, ನನಗೆ ಪರೀಕ್ಷೆ ಅದ, ಟೈಮ್ ಇಲ್ಲ ಅಂದೆ. ಅರ್ಧ ಸುಳ್ಳು ಅದು. ಎರಡು ದಿನ ಬಿಟ್ಟು ಬಂದು, ಎರಡು ವರ್ಷದ ಹಿಂದಿನ ಒಂದು ಪುಟ ತೆಗೆದು ಪೆನ್ಸಿಲಿನಿಂದ ಗುರುತು ಮಾಡಿ ತೋರಿಸಿದ: "ಇಲ್ಲಿ 40 ರೂಪಾಯಿ ತಪ್ಪದ ಅಕ್ಕಾ. ನೀ ಎರಡು ಸಲ ಬರದಿ." ಬಿಕಾಂನವಳ ಮಾನ ಹೋಯಿತು. ಆದರೆ ಫಲಿತಾಂಶದ ದಿನದ ನಂತರ ಅವನ ಮುಖದ ಮೇಲೆ ನಗು ನೋಡಿದ್ದು ಅವತ್ತೇ. ಬಾಕಿ 11,420 ಆಯಿತು.

ಮೀಟಿಂಗಿನಲ್ಲಿ ಲೆಕ್ಕ ಓದಿದವನು ಅವನೇ. ಕೈ ನಡುಗ್ತಿತ್ತು. ತಪ್ಪು 40 ರೂಪಾಯಿಯನ್ನೂ ಮುಚ್ಚಿಡದೆ ಓದಿದ. ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಕಾಕಾ, "ಏನ್ ಮಾಡ್ಬೇಕಂತೀರಿ ನೀವು, ಹೇಳ್ರಿ" ಅಂದ್ರು. ನಾವು ಕೇಳಿದ್ದು ಇಷ್ಟೇ: ಹತ್ತನೇ ಕ್ಲಾಸ್ ಫೇಲಾದ ಮಕ್ಕಳಿಗೆ ಚರ್ಚಿನ ಹಾಲಿನಲ್ಲಿ ಸಂಜೆ ಓದಿಸೋದು, ಪರೀಕ್ಷೆ ಫೀಸು ಕಟ್ಟೋದು, ಯಾವ ಓಣಿಯ ಮಕ್ಕಳಾದ್ರೂ ಬರಬಹುದು. ಹಳೇ ಸ್ಪೀಕರ್ ರಿಪೇರಿಗೆ 1,500 ನಾವೇ ಕೊಡ್ತೀವಿ. ಒಪ್ಪಿದ್ರು. ಎಲ್ಲರೂ ಮನಸ್ಸಿನಿಂದ ಒಪ್ಪಿದ್ರು ಅಂತ ಹೇಳೋಕಾಗೋದಿಲ್ಲ, ಆದರೆ ಒಪ್ಪಿದ್ರು.

ಈಗ ಸಂಜೆ ಒಂಬತ್ತು ಮಕ್ಕಳು ಬರ್ತಾರ. ಅದರಲ್ಲಿ ನಾಲ್ಕು ಜನ ನಮ್ಮ ಸಭೆಯವರಲ್ಲ. ಅವರ ಮನೆಯವರಿಗೆಲ್ಲಾ ಹೇಳಿ ಬಂದೀವಿ. ಆ ತಮ್ಮ ಮುಂದಿನ ಪರೀಕ್ಷೆಗೆ ಫಾರಂ ತುಂಬ್ಯಾನ. ಪಾಸಾಗ್ತಾನೋ ಇಲ್ಲೋ ನನಗೆ ಗೊತ್ತಿಲ್ಲ. ಬೆಂಗಳೂರಿನ ಮಾವ ಇನ್ನೂ ಫೋನ್ ಮಾಡ್ತಾನೇ ಇದ್ದಾನ. ಆದರೆ ಡೋಲಕ್ ಮತ್ತೆ ಕೇಳಿಸ್ಲಿಕ್ಕತ್ಯದ. ದೇವರ ಬಗ್ಗೆ ಅವನು ಕೇಳಿದ ಪ್ರಶ್ನೆ ಇನ್ನೂ ಹಂಗೇ ಇದೆ. ಈಗ ಅದನ್ನ ಇಬ್ಬರೂ ಕೂಡಿ ಕೇಳ್ಕೋತೀವಿ.

ಗೆಳತೀ, "ಗಿಟಾರ್ ಬಾರಿಸಿ ಹಾಡೋದಷ್ಟೇನಾ" ಅಂತ ಕೇಳಿದ್ದಿಯಲ್ಲ. ಹಾಡ್ತೀವಿ. ಆದರೆ ಇನ್ನೂರು ವರ್ಷದ ಇತಿಹಾಸ ನನಗೆ ಹೇಳಿದ್ದು ಒಂದೇ ಮಾತು. ಹದಿನೈದರ ಕೈಗೆ ಏನಾದರೂ ಒಂದು ನಿಜವಾದ ಕೆಲಸ ಕೊಡಬೇಕು, ಚೆಂಡು, ಕೀಲಿ, ಪುಸ್ತಕ, ಏನೇ ಇರಲಿ. ಕೊಟ್ಟ ಮೇಲೆ ಬಿಟ್ಟು ಹೋಗಬಾರದು, ಪಕ್ಕದಲ್ಲೇ ನಿಂತಿರಬೇಕು.

ಬರುವ ಭಾನುವಾರ ನಾನು ಪುಸ್ತಕ ಕೊಟ್ಟುಬಿಡ್ತೀನಿ. ಐದು ವರ್ಷ ಸಾಕು. ಹೊಸ ಖಜಾಂಚಿಗೆ ಹದಿನಾರು ವರ್ಷ. ಕೂಡಿಸೋದು ನನಗಿಂತ ಚಲೋ ಬರ್ತದ ಅವನಿಗೆ.

ನಿಮಗೆ ಹದಿನೈದು ಇದ್ದಾಗ ಯಾರು, ಏನು ಕೈಗೆ ಕೊಟ್ಟಿದ್ರು? ಕಾಮೆಂಟಿನಲ್ಲಿ ಬರೀರಿ. ಯಾರೂ ಕೊಟ್ಟಿಲ್ಲ ಅಂದ್ರೆ ಅದನ್ನೂ ಬರೀರಿ. ಸಂಜೆ ಆರಕ್ಕೆ ಗಣಿತ ಹೇಳಿಕೊಡೋರು ಬೇಕಾಗ್ಯಾರ, ಬರೋರು ಮೆಸೇಜ್ ಮಾಡ್ರಿ.

#ರಂಗಂಪೇಟೆ #ಸುರಪುರ #ಯಾದಗಿರಿ #ನಮ್ಮೂರಿತಿಹಾಸ #ಯೌವನಸ್ಥರಸಂಘ #ಹತ್ತನೇಕ್ಲಾಸ್ #ಲೆಕ್ಕದಪುಸ್ತಕ